ಹಾಲಸಿದ್ದಪ್ಪನ ಕೊನೆಯ ಮಾತು ಮತ್ತು ಟ್ರ್ಯಾಕ್ಟರಿನ ಎಣ್ಣೆ

ನನ್ನ ಭಾವಮೈದುನ ಹಾಲಸಿದ್ದಪ್ಪ ತೀರಿಕೊಂಡ ಸುದ್ದಿ ಸಿರಿಗೇರಿಗೆ ಮುಟ್ಟಿದ್ದು ೧೯೭೮ನೆಯ ಇಸವಿಯ ಶ್ರಾವಣದ ಎರಡನೆಯ ಸೋಮವಾರ, ಬಳ್ಳಾರಿಯಿಂದ ಬಂದ ಬಸ್ಸಿನ ಕಂಡಕ್ಟರನ ಬಾಯಿಂದ. ಬಳ್ಳಾರಿಯ ದವಾಖಾನೆಯಲ್ಲಿ ಅವನು ಜ್ವರದಿಂದ ಆರು ದಿನ ಮಲಗಿದ್ದ. ಏಳನೆಯ ದಿನ ಬೆಳಿಗ್ಗೆ, ಡಾಕ್ಟರು ‘ಇನ್ನು ಭಯವಿಲ್ಲ’ ಎಂದು ಹೇಳಿ ಹೋದ ಅರ್ಧ ಗಂಟೆಯೊಳಗೆ, ಯಾರಿಗೂ ಹೇಳದೆ ಹೊರಟುಹೋದ. ಬದುಕಿದ್ದಾಗಲೂ ಅವನದು ಅದೇ ರೀತಿ. ಎಲ್ಲಿಗೆ ಹೊರಟರೂ ಹೇಳಿ ಹೋಗುವ ಅಭ್ಯಾಸ ಇರಲಿಲ್ಲ.

ಆ ಹೊತ್ತಿನಲ್ಲಿ ಹಾಸಿಗೆಯ ಪಕ್ಕದಲ್ಲಿ ಇರಬೇಕಾದವರು ಇಬ್ಬರು. ಒಬ್ಬ ಅವನ ತಮ್ಮ ತಿಪ್ಪೇರುದ್ರಪ್ಪ. ಇನ್ನೊಬ್ಬ, ಅವರಿಬ್ಬರ ಅಕ್ಕ ದಾಕ್ಷಾಯಣಮ್ಮನ ಗಂಡನಾದ ನಾನು. ಭಯವಿಲ್ಲ ಎಂದು ತಿಳಿದ ಮೇಲೆ ನಾವಿಬ್ಬರೂ ದವಾಖಾನೆಯ ಎದುರಿನ ಅಂಗಡಿಯಲ್ಲಿ ಟೀ ಕುಡಿಯುತ್ತಿದ್ದೆವು. ಕುಡಿಯೋಣ ಬಾ ಎಂದು ಕರೆದವನು ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಮುಂದೆ ಆದದ್ದಕ್ಕೆಲ್ಲ ಅದೇ ಮೂಲ.

ಹಾಲಸಿದ್ದಪ್ಪನ ಗೆಳೆಯ ಹಂಪಯ್ಯ ಲಾರಿ ನಡೆಸುತ್ತಿದ್ದ. ಅವನೇ ತನ್ನ ಲಾರಿಯಲ್ಲಿ ದೇಹವನ್ನು ಊರಿಗೆ ತಂದ. ಮನೆಯ ಮುಂದೆ ಓಣಿಯ ತುಂಬ ಜನ. ಈ ಅಣ್ಣತಮ್ಮಂದಿರ ಸೋದರತ್ತೆ ಜಂಬಮ್ಮ ಕುರುಗೋಡಿನಿಂದ ನಮಗಿಂತ ಮುಂಚೆಯೇ ಬಂದು ಕಟ್ಟೆಯ ಮೇಲೆ ಕೂತು ಅಳುತ್ತಿದ್ದಳು. ಲಾರಿ ನಿಂತದ್ದೇ ಅಳು ನಿಲ್ಲಿಸಿ ಎದ್ದು ಬಂದಳು.

“ಲೇ ತಿಪ್ಪಾ, ಕೊನೀಗೆ ಏನಂದ್ನೋ ನನ್ನ ಹಾಲಸಿದ್ದ? ಏನರೆ ಒಂದು ಮಾತು ಅಂದಿರಬೇಕಲ್ಲೋ!”

ನಮ್ಮ ಕಡೆ ಸಾವಿನ ಮನೆಯಲ್ಲಿ ಮೊದಲು ಕೇಳುವ ಪ್ರಶ್ನೆ ಇದು. ಏನೂ ಅನ್ನಲಿಲ್ಲ ಎಂದರೆ ಸತ್ತವನಿಗೂ ಶೋಭೆಯಲ್ಲ, ಹತ್ತಿರ ಇದ್ದವನಿಗೂ ಶೋಭೆಯಲ್ಲ. ನಾನು ಹತ್ತಿರವೇ ಇರಲಿಲ್ಲ ಎಂದರೆ ಅದು ಹೇಳುವ ಮಾತೇ ಅಲ್ಲ. ತಿಪ್ಪೇರುದ್ರಪ್ಪ ನನ್ನ ಮುಖ ನೋಡಿದ. ನಾನು ಲಾರಿಯ ಗಾಲಿ ನೋಡಿದೆ. ಅವನು ಕಣ್ಣೆತ್ತಿದಾಗ ಅಂಗಳದಲ್ಲಿ ಎದುರಿಗೆ ಕಂಡದ್ದು ಅಣ್ಣನ ಕೆಂಪು ಟ್ರ್ಯಾಕ್ಟರು.

“ಟ್ರ್ಯಾಕ್ಟರಿಗೆ ಎಣ್ಣಿ ಬದಲಸು ಅಂದ, ಅತ್ತಿ.”

ಆ ಜಾಗದಲ್ಲಿ ಎಮ್ಮೆ ಕಟ್ಟಿದ್ದರೆ ಈ ಕಥೆ ಎಮ್ಮೆಯದಾಗುತ್ತಿತ್ತು.

ಜಂಬಮ್ಮ ಎದೆ ಬಡಿದುಕೊಂಡು ಅತ್ತಳು. “ಸಾಯೋ ಹೊತ್ತಿನಾಗೂ ದುಡಿಮಿದ ಚಿಂತಿ! ಏ ಶಿವಬಸಮ್ಮಾ, ಕೇಳಿದೇನವ್ವಾ ನಿನ್ನ ಗಂಡನ ಮಾತು?” ಹಾಲಸಿದ್ದಪ್ಪನ ಹೆಂಡತಿ ಶಿವಬಸಮ್ಮ ತಲೆ ಎತ್ತಿ ಮೈದುನನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಮತ್ತೆ ತಲೆ ತಗ್ಗಿಸಿದಳು. ಸಂಜೆಯೊಳಗೆ ಆ ಮಾತು ಊರನ್ನೆಲ್ಲ ಸುತ್ತಿ ಬಂತು. ಮರುದಿನ ಸಿರುಗುಪ್ಪ, ಅದರ ಮರುದಿನ ಕುರುಗೋಡು. ಮೂರನೆಯ ದಿನಕ್ಕೆ ಯಾರೋ ಬಳ್ಳಾರಿಯ ಗಾಂಧಿನಗರದಲ್ಲಿರುವ ನನ್ನ ಮನೆಗೇ ಬಂದು, ಆ ಮಾತನ್ನು ನನಗೇ ಹೇಳಿ, ಕಣ್ಣೊರೆಸಿಕೊಂಡು ಹೋದರು.

ತಿಪ್ಪೇರುದ್ರಪ್ಪನಿಗೆ ಟ್ರ್ಯಾಕ್ಟರು ಓಡಿಸಲು ಬರುತ್ತಿತ್ತು. ಅದರ ಹೊಟ್ಟೆಯೊಳಗೆ ಏನಿದೆ ಎಂಬುದು ಅಣ್ಣನ ಇಲಾಖೆ. ಎಂಜಿನ್ನಿಗೆ ಒಂದು ಎಣ್ಣೆ ಇರುತ್ತದೆ, ಗೇರಿಗೆ ಒಂದಿರುತ್ತದೆ, ಹಿಂದುಗಡೆ ಕುಂಟೆಯನ್ನು ಎತ್ತಿ ಇಳಿಸುವ ಲಿಫ್ಟು ಕೂಡ ಎಣ್ಣೆಯ ಬಲದಿಂದಲೇ ಕೆಲಸ ಮಾಡುತ್ತದೆ ಎಂಬುದನ್ನು ಅವನು ಆ ವಾರದಲ್ಲಿಯೇ ತಿಳಿದದ್ದು. “ಯಾವ ಎಣ್ಣಿ ಅಂದ?” ಎಂದು ಯಾರಾದರೂ ಕೇಳಿದರೆ, “ಎಲ್ಲಾ ನನಗ ಹೇಳ್ಯಾನ” ಎನ್ನುತ್ತಿದ್ದ. ಸಿರುಗುಪ್ಪದ ಮೆಕ್ಯಾನಿಕ್ ಹೊನ್ನೂರಸಾಬನನ್ನು ಕರೆಸೋಣ ಎಂದು ನಾನು ಹೇಳಿದೆ. ಅವನು ಸಿಟ್ಟಾದ.

“ಭಾವ, ಅಣ್ಣ ಕೊನೀ ಮಾತು ನನಗ ಹೇಳ್ಯಾನ. ಮೆಕ್ಯಾನಿಕ್‌ಗ ಹೇಳಿಲ್ಲ.”

“ಲೇ, ಆ ಹೊತ್ತಿನಾಗ ನನ್ನ ಕೂಡ ಟೀ...”

“ಮೆಲ್ಲಕ ಮಾತಾಡ್ರಿ ಭಾವ!”

ಹೀಗೆ ಅವನ ಸುಳ್ಳಿಗೆ ನಾನು ಪಾಲುದಾರನಾದೆ.

ಏಳನೆಯ ದಿನ ಪಾರಮ್ಮ ಬಂದಳು. ಕಾಲುವೆಯ ಪಕ್ಕದಲ್ಲಿ ಅವಳದು ನಾಲ್ಕು ಎಕರೆ. ಗಂಡ ಇಲ್ಲ, ಎತ್ತು ಇಲ್ಲ. ಪ್ರತಿ ವರ್ಷ ಹಾಲಸಿದ್ದಪ್ಪ ತನ್ನ ಗದ್ದೆಗಿಂತ ಮೊದಲು ಅವಳ ಗದ್ದೆಯನ್ನು ಕೆಸರು ಮಾಡಿಕೊಡುತ್ತಿದ್ದ.

“ತಿಪ್ಪೇರುದ್ರಪ್ಪಾ, ದುಃಖದ ಮನಿಗೆ ಬಂದು ಕೇಳಬಾರದು. ಆದರ ಸಸಿ ತಿಂಗಳು ದಾಟ್ಯಾವು. ಬರೋ ಭಾನುವಾರದಿಂದ ನಮ್ಮ ಕಡಿ ನೀರು ಬಂದ್ ಅಂತ ನೀರಗಂಟಿ ಹೇಳಿ ಹೋದ. ಅಷ್ಟರಾಗ ನಾಟಿ ಆಗಲಿಲ್ಲ ಅಂದ್ರ ಈ ವರ್ಷ ನನ್ನ ಒಲಿ ಮ್ಯಾಲೆ ಅನ್ನ ಇಲ್ಲಪ್ಪ.”

“ಅಣ್ಣನ ಮಾತು ನಡಸದ ಗಾಡಿ ಮುಟ್ಟಂಗಿಲ್ಲ ಪಾರಮ್ಮ. ಗುರುವಾರ ಶಿವಗಣಾರಾಧನಿ ಐತಿ. ಅವತ್ತ ಎಣ್ಣಿ ಬದಲಸ್ತೀನಿ. ಶುಕ್ರವಾರ ಮುಂಜಾನಿ ನಿನ್ನ ಗದ್ದ್ಯಾಗ ಇರ್ತೀನಿ.”

ಪಾರಮ್ಮ ಬೆರಳು ಮಡಿಸಿ ದಿನ ಲೆಕ್ಕ ಹಾಕಿ, ನಿಟ್ಟುಸಿರು ಬಿಟ್ಟು ಹೋದಳು.

ಗುರುವಾರ ಹನ್ನೊಂದನೆಯ ದಿನ. ನಮ್ಮಲ್ಲಿ ಆರಾಧನೆಗೆ ಬರುವವರು ಮುಯ್ಯಿ ತರುತ್ತಾರೆ, ಅಕ್ಕಿ, ಬೆಲ್ಲ, ಧೋತರ, ಹೀಗೆ. ಹೋದವರದು ಏನಾದರೂ ಆಸೆ ಉಳಿದಿದ್ದರೆ ಬಂಧುಗಳೆಲ್ಲ ಅದಕ್ಕೆ ಕೈಜೋಡಿಸುತ್ತಾರೆ. ಸಾವಿನ ಮನೆಗೆ ತಂದದ್ದನ್ನು ತಿರುಗಿ ಒಯ್ಯುವಂತಿಲ್ಲ, ಬೇಡ ಎನ್ನುವಂತೆಯೂ ಇಲ್ಲ. ಇದು ಹಿರಿಯರು ಮಾಡಿದ ಪದ್ಧತಿ. ಅವರ ಕಾಲದಲ್ಲಿ ಟ್ರ್ಯಾಕ್ಟರು ಇರಲಿಲ್ಲ ಎಂಬುದನ್ನು ಮಾತ್ರ ಇಲ್ಲಿ ನೆನಪಿಡಬೇಕು.

ಬಸ್ಸು ಬಂದ ಹಾಗೆಲ್ಲ ಎಣ್ಣೆ ಇಳಿಯತೊಡಗಿತು. ಹೊತ್ತು ಏರುವುದರೊಳಗೆ ಅಂಗಳದಲ್ಲಿ ಹದಿನಾಲ್ಕು ಡಬ್ಬಿ ಸಾಲಾಗಿ ಕೂತವು. ಜಂಬಮ್ಮ ತಂದದ್ದು ಮನೆಯಲ್ಲಿಯೇ ಕಾಸಿದ ಔಡಲೆಣ್ಣೆ, ಎಂದರೆ ಹರಳೆಣ್ಣೆ.

“ಅತ್ತಿ, ಇದು ಬಂಡಿಗೆ ಹಾಕೋದು” ಎಂದ ತಿಪ್ಪೇರುದ್ರಪ್ಪ.

“ಹೌದಪ್ಪ, ಬಂಡಿ ಗಾಲಿಗೆ ನಮ್ಮಜ್ಜನ ಕಾಲದಿಂದ ಇದೇ ಎಣ್ಣಿ. ಯಾಕ, ಟ್ರ್ಯಾಕ್ಟರಿಗೆ ಗಾಲಿ ಇಲ್ಲೇನು?”

ಶಿವಬಸಮ್ಮನ ಅಣ್ಣ ಎರ್ರಿಸ್ವಾಮಿಯದು ಸಿರುಗುಪ್ಪದಲ್ಲಿ ಅಕ್ಕಿ ಗಿರಣಿ. ಅವನು ತಂದದ್ದು ದೊಡ್ಡ ಡಬ್ಬಿ. “ತೊಂಬತ್ತನೇ ನಂಬರ್ ಗೇರ್ ಎಣ್ಣಿ. ಕಡ್ಡಿ ನೆಟ್ಟರ ನಿಂತ್ಕಂತೈತಿ, ಅಷ್ಟು ದಪ್ಪ. ತವರಮನಿಯಿಂದ ಬಂದದ್ದು, ತೆಳ್ಳಗ ಇರಬಾರದು ನೋಡ್ರಿ.” ಹಂಪಯ್ಯ ತಂದದ್ದು ಎಂಜಿನ್ ಎಣ್ಣೆ. “ಈ ಎಣ್ಣಿ ಮ್ಯಾಲೆ ನನ್ನ ಲಾರಿ ಮುಂಬಯಿ ನೋಡಿ ಬಂದೈತಿ” ಎಂದ. ನಾನೂ ಬರಿಗೈಯಲ್ಲಿ ಹೋಗಿರಲಿಲ್ಲ. ಗಾಂಧಿನಗರದ ಅಂಗಡಿಯಲ್ಲಿ ಲಿಫ್ಟಿನ ಎಣ್ಣೆ ಕೊಡಪ್ಪಾ, ಹೈಡ್ರಾಲಿಕ್ ಎಂಬುದು, ಎಂದು ಗಂಭೀರವಾಗಿ ಕೇಳಿದ್ದೆ. ಅವನು ಅಷ್ಟೇ ಗಂಭೀರವಾಗಿ ಒಂದು ಸಣ್ಣ ಡಬ್ಬಿ ಕೊಟ್ಟಿದ್ದ. ಅದು ಕಾರಿನ ಬ್ರೇಕಿಗೆ ಹಾಕುವ ಎಣ್ಣೆ ಎಂಬುದು ನನಗೆ ಆಮೇಲೆ ತಿಳಿಯಿತು.

ಮಠದ ಅಯ್ಯನವರು ಹಾಲಸಿದ್ದಪ್ಪನನ್ನು ಮಣ್ಣು ಮಾಡಿದ ಗದ್ದುಗೆಯ ಪೂಜೆ ಮುಗಿಸಿ ಬಂದು, ಹದಿನಾಲ್ಕೂ ಡಬ್ಬಿಗಳಿಗೆ ವಿಭೂತಿ ಹಚ್ಚಿದರು. ಇನ್ನು ಆರಿಸುವ ಪ್ರಶ್ನೆ ಎಲ್ಲಿ ಬಂತು? ವಿಭೂತಿ ಹಚ್ಚಿಕೊಂಡ ಮೇಲೆ ಎಲ್ಲ ಡಬ್ಬಿಗಳೂ ಒಂದೇ.

ಆದರೂ ಶಾಸ್ತ್ರ ಕೇಳಬೇಕಲ್ಲ. ಊಟಕ್ಕೆ ಬಂದಿದ್ದ ಗ್ರಾಮಸೇವಕ ಮಲ್ಲಯ್ಯನವರನ್ನು ಟ್ರ್ಯಾಕ್ಟರಿನ ಬಳಿಗೆ ಕರೆದುಕೊಂಡು ಹೋದೆವು. ಅವರು ಬಗಲ ಚೀಲದಿಂದ ಒಂದು ಅಚ್ಚಾದ ಹಾಳೆ ತೆಗೆದು ಓದಿದರು.

“ನೋಡ್ರಿ, ಲಿಫ್ಟಿಗೆ ತೆಳು ಎಣ್ಣಿ, ಗೇರಿಗೆ ದಪ್ಪ ಎಣ್ಣಿ. ಎರಡು ಕೆಲಸ, ಎರಡು ಎಣ್ಣಿ, ಎರಡು ತೂತು. ಗೇರಿನ ತೂತು ಇಲ್ಲೈತಿ. ಲಿಫ್ಟಿಂದು ತೋರಸ್ರಿ.”

ಎರಡನೆಯ ತೂತಿನ ಶೋಧ ಶುರುವಾಯಿತು. ಊಟ ಮುಗಿಸಿದವರು ಬಂದರು, ಊಟ ಬಿಟ್ಟು ಎದ್ದವರು ಬಂದರು. ಕೆಲವರು ಕೆಳಗೆ ನುಸುಳಿದರು. ಎರ್ರಿಸ್ವಾಮಿ ಬಿಳಿ ಧೋತರದೊಡನೆ ಒಳಹೋಗಿ, ಬೇರೆ ಬಣ್ಣದ ಧೋತರದೊಡನೆ ಹೊರಬಂದ. ಒಬ್ಬ ಹೊಗೆ ಕೊಳವೆಯನ್ನು ತೋರಿಸಿದ. ಜಂಬಮ್ಮ ದೀಪದ ಹಿಂದಿನ ಸಂದಿಯನ್ನು ತೋರಿಸಿದಳು. ಎರಡನೆಯ ತೂತು ಸಿಕ್ಕಲಿಲ್ಲ.

ಮಲ್ಲಯ್ಯನವರು ಕನ್ನಡಕ ತೆಗೆದು ಒರೆಸಿದರು. “ಮಾಡಿದವರು ಮರತಾರ” ಎಂದು ತೀರ್ಪು ಕೊಟ್ಟರು. “ತೂತು ಒಂದೇ ಐತಿ ಅಂದಮ್ಯಾಲೆ ತೆಳುವೂ ಅದರಾಗ, ದಪ್ಪವೂ ಅದರಾಗ. ಒಳಗ ಹೋಗಿ ತಮ್ಮ ತಮ್ಮ ಜಾಗಾ ತಾವು ಹುಡಿಕ್ಯಂತಾವು.”

ಸರಕಾರದ ಅಪ್ಪಣೆಯೂ ಸಿಕ್ಕಂತಾಯಿತು. ಕೆಳಗಿನ ಬಿರಡೆ ಬಿಚ್ಚಿ ಹಳೆಯ ಎಣ್ಣೆ ಇಳಿಸಿದರು. ಬೋಗುಣಿಗೆ ಬಿದ್ದ ಎಣ್ಣೆ ಜೇನುತುಪ್ಪದ ಹಾಗೆ ತಿಳಿಯಾಗಿತ್ತು.

“ಇದು ಚೊಲೋನ ಐತಲ್ಲೋ” ಎಂದೆ.

“ನೋಡಾಕ ಚೊಲೋ ಇರತೈತಿ” ಎಂದ ಎರ್ರಿಸ್ವಾಮಿ. “ಒಳಗ ಸತ್ವ ಹೋಗಿರತೈತಿ. ಮನಷಾರಂಗ.”

ಅದನ್ನು ಗೆದ್ದಲು ಹತ್ತದಿರಲಿ ಎಂದು ದನದ ಕೊಟ್ಟಿಗೆಯ ಕಂಬಗಳಿಗೆ ಬಳಿದರು. ಆಮೇಲೆ ಹಿರಿತನದ ಪ್ರಕಾರ ಎಣ್ಣೆ ಹಾಕುವ ಕಾರ್ಯ. ಮೊದಲು ಸೋದರತ್ತೆಯ ಔಡಲೆಣ್ಣೆ, ಆಮೇಲೆ ತವರಿನ ದಪ್ಪ ಎಣ್ಣೆ, ಅದರ ಬೆನ್ನಿಗೆ ಬೀಗರು, ನೆಂಟರು, ಗೆಳೆಯರು. ಪ್ರತಿಯೊಬ್ಬರೂ ತಮ್ಮ ಡಬ್ಬಿಯ ಸರದಿ ಬಂದಾಗ ಮುಂದೆ ಬಂದು, ತೂತಿನೊಳಗೆ ಬಗ್ಗಿ ನೋಡಿ, ಕಣ್ಣೊರೆಸಿಕೊಂಡು ಹಿಂದೆ ಸರಿದರು. ಅರ್ಧದಲ್ಲಿಯೇ ಹೊಟ್ಟೆ ತುಂಬುವ ಹಾಗೆ ಕಂಡದ್ದರಿಂದ, ಯಾರ ಮನಸ್ಸಿಗೂ ನೋವಾಗಬಾರದೆಂದು, ಉಳಿದವರದು ಒಂದೊಂದು ತಂಬಿಗೆಯಂತೆ ಹಾಕಿದರು. ನನ್ನ ಬ್ರೇಕಿನ ಎಣ್ಣೆ ಪೂರ್ತಿ ಹಿಡಿಸಿತು, ಡಬ್ಬಿ ಚಿಕ್ಕದು.

ಬಿರಡೆ ಹಾಕಿ ತಿಪ್ಪೇರುದ್ರಪ್ಪ ಕೈಮುಗಿದ. “ಅಣ್ಣನ ಮಾತು ನಡೀತು” ಎಂದ. ಎಷ್ಟು ಜನರ ಕಣ್ಣಲ್ಲಿ ನೀರು! ಅದರಲ್ಲಿ ನನ್ನದೂ ಇತ್ತು.

ಶುಕ್ರವಾರ ಬೆಳಿಗ್ಗೆ ಕಬ್ಬಿಣದ ಗಾಲಿ ತೊಡಿಸಿ, ಹಿಂದೆ ಕುಂಟೆ ಕಟ್ಟಿಕೊಂಡು ಟ್ರ್ಯಾಕ್ಟರು ಪಾರಮ್ಮನ ಗದ್ದೆಗೆ ಹೊರಟಿತು. ಗೇರು ಬದಲಿಸಿದಾಗಲೆಲ್ಲ ಯಾರೋ ಹಲ್ಲು ಕಡಿದ ಸಪ್ಪಳ. “ಹೊಸ ಎಣ್ಣಿ, ರೂಢಿ ಆಗಬೇಕು” ಎಂದ ತಿಪ್ಪೇರುದ್ರಪ್ಪ. ನೀರು ನಿಂತ ಗದ್ದೆಗೆ ಇಳಿದು ಕುಂಟೆಯನ್ನು ಕೆಳಗಿಳಿಸಿದ. ಇಳಿಯಿತು. ಅರ್ಧ ಗದ್ದೆ ಹೋದ. ಬದುವಿನ ಹತ್ತಿರ ತಿರುಗಿಸಬೇಕು, ಕುಂಟೆಯನ್ನು ಮೇಲೆತ್ತಬೇಕು. ಹಿಡಿಕೆ ಎಳೆದ. ಕುಂಟೆ ಒಂದು ಗೇಣು ಎದ್ದಿತು, ಚಳಿಜ್ವರ ಬಂದವರ ಹಾಗೆ ಗಡಗಡ ನಡುಗಿತು, ಮತ್ತೆ ಕೆಸರಿನಲ್ಲಿ ಕೂತಿತು. ಇನ್ನೊಮ್ಮೆ ಎಳೆದ. ಈ ಸಲ ಬಿಕ್ಕಳಿಕೆ ಮಾತ್ರ. ಮೂರನೆಯ ಸಲ ಎಳೆದಾಗ ಮೇಲಿನ ಗಾಳಿ ಕಿಂಡಿಯಿಂದ ಬಿಳಿಯ ನೊರೆ ಉಕ್ಕಿ ಬಂದು, ಸೀಗೆಕಾಯಿ ಹಚ್ಚಿ ಎರೆದುಕೊಂಡವರ ತಲೆಯಂತೆ, ಟ್ರ್ಯಾಕ್ಟರಿನ ಬೆನ್ನೆಲ್ಲ ನೊರೆಯಾಯಿತು.

ಕುಂಟೆ ಕೆಸರಿನಲ್ಲಿ ಲಂಗರು ಹಾಕಿದಂತೆ ಕೂತಿತ್ತು. ಗಾಲಿ ತಿರುಗಿದಷ್ಟೂ ಗಾಡಿ ಕೆಳಗೆ ಇಳಿಯಿತು. ತಿಪ್ಪೇರುದ್ರಪ್ಪನ ಚಪ್ಪಲಿಗೆ ನೀರು ತಾಗುವವರೆಗೂ ಅವನು ಪ್ರಯತ್ನ ಬಿಡಲಿಲ್ಲ.

ಬದುವಿನ ಮೇಲೆ ಸಸಿಯ ಸೂಡಿನ ಪಕ್ಕ ನಿಂತಿದ್ದ ಪಾರಮ್ಮ ಕೂಗಿದಳು. “ಗದ್ದಿ ಕಲಸಾಕ ಕರದ್ರ ಗದ್ದ್ಯಾಗ ಬಾವಿ ತೋಡಾಕತ್ತೀಯಲ್ಲಪ್ಪೋ!”

ಮಧ್ಯಾಹ್ನ ಆರು ಜೋಡಿ ಎತ್ತು ಹೂಡಿ ಎಳೆದರು. ಟ್ರ್ಯಾಕ್ಟರು ಊರಿಗೆ ಬಂದಾಗ ಆರಾಧನೆಗೆ ಬಂದ ಬಂಧುಗಳು ಇನ್ನೂ ಹೊರಟಿರಲಿಲ್ಲ. ಎಲ್ಲರೂ ಸಾಲಾಗಿ ಕಟ್ಟೆಯ ಮೇಲೆ ನಿಂತು ನೋಡಿದರು. ಟ್ರ್ಯಾಕ್ಟರು ಬಂದ ಮೇಲೆ ಎತ್ತು ಮಾರಿದ್ದವರು ಸಹ ಆ ಹೊತ್ತಿನಲ್ಲಿ ಎತ್ತುಗಳ ಮೈ ಸವರಿದರು.

ನಾನು ತಿಪ್ಪೇರುದ್ರಪ್ಪನನ್ನು ಕೇಳದೆ ಹಂಪಯ್ಯನಿಗೆ ಹೇಳಿದೆ. ಶನಿವಾರ ಬೆಳಿಗ್ಗೆ ಅವನು ಸಿರುಗುಪ್ಪದಿಂದ ಹೊನ್ನೂರಸಾಬನನ್ನು ಲಾರಿಯಲ್ಲಿ ಕೂರಿಸಿಕೊಂಡು ಬಂದ. ಹೊನ್ನೂರಸಾಬ ಮೊದಲು ಹಾಲಸಿದ್ದಪ್ಪನ ಗದ್ದುಗೆಗೆ ಹೋಗಿ ಹೂವಿಟ್ಟು ಬಂದ. ಆಮೇಲೆ ಬಿರಡೆ ಬಿಚ್ಚಿ, ಬೆರಳು ಅದ್ದಿ, ಮೂಸಿ ನೋಡಿದ.

“ಮಜ್ಜಿಗಿ ಕಡದಂಗ ಆಗೈತಲ್ರಿ. ಏನೇನು ಹಾಕೀರಿ?”

“ತೊಂಬತ್ತನೇ ನಂಬರ್, ನಮ್ಮದು” ಎಂದ ಎರ್ರಿಸ್ವಾಮಿ. “ಲಾರೀದು ನಂದು” ಎಂದ ಹಂಪಯ್ಯ. ನಾನು ನನ್ನ ಖಾಲಿ ಡಬ್ಬಿಯನ್ನು ಕಾಲಿನಿಂದ ಹಿಂದಕ್ಕೆ ಸರಿಸಿದೆ.

“ಔಡಲೆಣ್ಣಿ ವಾಸನಿ ಬರಾಕತ್ತೈತಿ. ಗಾಡಿಗೆ ಹೊಟ್ಟಿ ಕಟ್ಟಿತ್ತೇನ್ರಿ?”

“ನಾಲಿಗಿ ಬಿಗಿಹಿಡದು ಮಾತಾಡಪ್ಪ ಸಾಬ” ಎಂದಳು ಜಂಬಮ್ಮ. “ಕುರುಗೋಡಿನ ಔಡಲ ಅದು.”

ಹೊನ್ನೂರಸಾಬ ಎದ್ದು ಕೈ ಒರೆಸಿಕೊಂಡ. “ಈ ಗಾಡಿಯಾಗ ಗೇರಿಗೂ ಲಿಫ್ಟಿಗೂ ಹೊಟ್ಟಿ ಒಂದೇ ರೀ. ಅದಕ್ಕ ತೂತು ಒಂದೇ. ಎರಡೂ ಒಂದೇ ಎಣ್ಣಿ ಕುಡೀತಾವು. ಅಷ್ಟು ದಪ್ಪ ಹಾಕಿದ್ರ ಲಿಫ್ಟಿಗೆ ಎಳಕಳಾಕ ಆಗಂಗಿಲ್ಲ. ಬರೇ ತೆಳು ಹಾಕಿದ್ರ ಗೇರಿನ ಹಲ್ಲು ತಿಂದು ಹೋಕಾವು. ಅದಕ್ಕಂತ ನಡುವಿಂದು ಬ್ಯಾರೇನ ಎಣ್ಣಿ ಬರತೈತಿ. ಇದನ್ನೆಲ್ಲಾ ಇಳಿಸಿ, ಡೀಸೆಲ್‌ನ್ಯಾಗ ತೊಳದು, ಆ ಎಣ್ಣಿ ಹಾಕಬೇಕು. ಲಾರಿಯಾಗ ತಂದೀನಿ.”

“ಇಳಿಸೋದಾ?” ಎರ್ರಿಸ್ವಾಮಿ ಎದೆ ಸೆಟೆಸಿದ. “ಹೋದವರ ಕೊನೀ ಮಾತಿಗೆ ಹಾಕಿದ ಎಣ್ಣಿ! ಅಯ್ಯನವರು ವಿಭೂತಿ ಹಚ್ಚಿದ ಎಣ್ಣಿ!”

“ಯಾವ ಕೊನೀ ಮಾತು ರೀ?”

“ಟ್ರ್ಯಾಕ್ಟರಿಗೆ ಎಣ್ಣಿ ಬದಲಸು ಅಂತ ನಮ್ಮ ಹಾಲಸಿದ್ದಪ್ಪ ತನ್ನ ತಮ್ಮಗ ಹೇಳಿ ಜೀವ ಬಿಟ್ಟ.”

ಹೊನ್ನೂರಸಾಬ ತಲೆ ಕೆರೆದುಕೊಂಡ. “ಹಂಗ್ಯಾಕ ಅಂತಾರ ಅವರು? ದವಾಖಾನಿಗೆ ಹೋಗೋಕಿಂತ ನಾಕು ದಿನ ಮೊದಲ ನನ್ನ ಕೈಲೇ ಎಣ್ಣಿ ಬದಲಸ್ಯಾರ. ಹೊಸಾ ಎಣ್ಣಿ ಇತ್ತಲ್ರಿ ಒಳಗ. ಜೇನುತುಪ್ಪ ಇದ್ದಂಗ ಇತ್ತು.”

ಎಲ್ಲರೂ ಕೊಟ್ಟಿಗೆಯ ಕಂಬಗಳ ಕಡೆ ನೋಡಿದರು. ಆಮೇಲೆ ತಿಪ್ಪೇರುದ್ರಪ್ಪನ ಕಡೆ ನೋಡಿದರು.

“ಜ್ವರದಾಗ ಏನೋ ಬಡಬಡಿಸಿರಬೇಕು ಬಿಡ್ರಿ” ಎಂದು ಯಾರೋ ಅಂದರು.

ಅದೊಂದು ದಾರಿ ಇತ್ತು. ಹೌದು ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಅಣ್ಣ ಬುದ್ಧಿ ತಪ್ಪಿ ಸತ್ತ ಎಂದಾಗುತ್ತಿತ್ತು, ಅಷ್ಟೇ. ತಿಪ್ಪೇರುದ್ರಪ್ಪ ತಲೆ ಎತ್ತಿ ನೋಡಿದ. ಬಾಗಿಲಲ್ಲಿ ಪಾರಮ್ಮ ನಿಂತಿದ್ದಳು. ಒಳಬಾಗಿಲಲ್ಲಿ ಶಿವಬಸಮ್ಮ.

“ಅಣ್ಣ ಬಡಬಡಿಸಲಿಲ್ಲ” ಎಂದ. “ಅಣ್ಣ ಏನೂ ಅನ್ನಲಿಲ್ಲ. ಅಂದ್ನೋ ಏನೋ, ನನಗ ಗೊತ್ತಿಲ್ಲ. ನಾನಲ್ಲಿ ಇದ್ದಿಲ್ಲ. ಟೀ ಕುಡಿಯಾಕ ಹೋಗಿದ್ದೆ.”

ಜಂಬಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು.

“ಟೀ?” ಎಂದಳು ಜಂಬಮ್ಮ. “ಯಾರ ಕೂಡ?”

ತಿಪ್ಪೇರುದ್ರಪ್ಪ ನನ್ನ ಹೆಸರು ಹೇಳಲಿಲ್ಲ. ಅಷ್ಟು ಒಳ್ಳೆಯವನು. ನನ್ನ ಕಡೆ ನೋಡಿದ, ಅಷ್ಟೇ. ಎಲ್ಲರೂ ನೋಡಿದರು. ನನ್ನ ಹೆಂಡತಿ ದಾಕ್ಷಾಯಣಮ್ಮ ನೋಡಿದ್ದನ್ನು ಮಾತ್ರ ನಾನು ಇಲ್ಲಿ ಬರೆಯುವುದಿಲ್ಲ.

“ಎಂಥಾ ಭಾವ, ಎಂಥಾ ತಮ್ಮ!” ಎಂದು ಜಂಬಮ್ಮ ದನಿ ಎತ್ತುವಷ್ಟರಲ್ಲಿ ಶಿವಬಸಮ್ಮ ಹೊರಗೆ ಬಂದಳು.

“ಬೈಬ್ಯಾಡ್ರಿ ಅತ್ತಿ. ನನಗ ಅವತ್ತ ಗೊತ್ತಾಗಿತ್ತು. ಎಣ್ಣಿ ಮಾತು ಅವರು ತಿಪ್ಪೇರುದ್ರಗ ಹೇಳ್ತಿದ್ದಿಲ್ಲ. ಲಾಟೀನಿಗೆ ಎಣ್ಣಿ ಹಾಕು ಅಂದ್ರ ಗಾಜು ಒಡದು ಬರಾವ ಇವನು.”

“ಮತ್ತ ಅವತ್ತ ಯಾಕ ಬಾಯಿ ಬಿಡಲಿಲ್ಲ ನೀನು?”

ಶಿವಬಸಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ನನಗ ಅವರು ಕೊನೀಗೆ ಹೇಳಿದ್ದು, ಬಸ್ ಹತ್ತುವಾಗ, ಎಮ್ಮಿ ಒಳಗ ಕಟ್ಟು ಅಂತ. ಆಮ್ಯಾಲೆ ಇನ್ನೂ ಒಂದು ಮಾತು ಅಂದ್ರು ಅಂತ ಇವನು ಹೇಳಿದ. ಸುಳ್ಳಾದ್ರೂ ಕೇಳಾಕ ಚೊಲೋ ಇತ್ತು.”

ಆಗ ತಿಪ್ಪೇರುದ್ರಪ್ಪ ಅತ್ತ. ಹನ್ನೆರಡು ದಿನದಿಂದ ಎಣ್ಣೆಯ ಗಡಿಬಿಡಿಯಲ್ಲಿ ಅವನು ಅತ್ತೇ ಇರಲಿಲ್ಲ ಎಂಬುದು ಆಗ ನನ್ನ ಗಮನಕ್ಕೆ ಬಂತು. ಟ್ರ್ಯಾಕ್ಟರಿನ ಗಾಲಿ ಹಿಡಿದುಕೊಂಡು, ಐವತ್ತು ವರ್ಷದ ಮನುಷ್ಯ, ದೊಡ್ಡ ದನಿಯಲ್ಲಿ ಅತ್ತ. ಹಂಪಯ್ಯ ಅವನ ಹೆಗಲ ಮೇಲೆ ಕೈಯಿಟ್ಟ. ನಾನೂ ಮೂಗು ಸೀನಿದೆ. ಎಲ್ಲರೂ ಇನ್ನೊಂದು ಸುತ್ತು ಅಳುವ ಹಾಗೆ ಕಂಡಿತು.

“ಅಳ್ರಿ, ಬ್ಯಾಡ ಅನ್ನಂಗಿಲ್ಲ” ಎಂದಳು ಪಾರಮ್ಮ ಬಾಗಿಲಿನಿಂದ. “ಆದರ ಆ ಬಿರಡಿ ಬಿಚ್ಚಿಟ್ಟು ಅಳ್ರಿ. ನಾಳಿ ನೀರು ಬಂದ್.”

ಹೊನ್ನೂರಸಾಬ ಬಿರಡೆ ಬಿಚ್ಚಿದ. ಹದಿನಾಲ್ಕು ಮನೆಗಳ ಎಣ್ಣೆ ಬುಸುಗುಡುತ್ತ ಇಳಿಯಿತು. ಸಾವಿನ ಮನೆಗೆ ಬಂದದ್ದನ್ನು ಚೆಲ್ಲುವಂತಿಲ್ಲ ಎಂದು ಜಂಬಮ್ಮ ಹಟ ಹಿಡಿದದ್ದರಿಂದ ಅದನ್ನು ಕೊಡಗಳಲ್ಲಿ ತುಂಬಿಸಿ ಊರಿನ ಬಂಡಿಗಳಿಗೆಲ್ಲ ಹಂಚಿದರು. ಆ ವರ್ಷದ ಸುಗ್ಗಿಯವರೆಗೂ ಸಿರಿಗೇರಿಯ ಒಂದು ಬಂಡಿಯೂ ಕಿರುಗುಟ್ಟಲಿಲ್ಲ. ಇದನ್ನು ಜಂಬಮ್ಮ ಕಡೆಯವರೆಗೂ ತನ್ನ ಔಡಲೆಣ್ಣೆಯ ಗುಣವೆಂದೇ ಹೇಳುತ್ತಿದ್ದಳು.

ಡೀಸೆಲ್ಲಿನಿಂದ ತೊಳೆದು, ಸರಿಯ ಎಣ್ಣೆ ಹಾಕುವಾಗ ಹೊನ್ನೂರಸಾಬ ಡಬ್ಬಿಯ ಮೇಲಿನ ಬರಹ ತೋರಿಸಿ, “ಇದನ್ನ ನೆನಪಿಟ್ಕೊಳ್ರಿ” ಎಂದ. ತಿಪ್ಪೇರುದ್ರಪ್ಪ ಡಬ್ಬಿಯನ್ನು ಎರಡು ಕೈಯಿಂದ ಹಿಡಿದುಕೊಂಡು, “ನನಗ ತಿಳಿಯಂಗಿಲ್ಲ ಸಾಬ, ಇನ್ನೊಮ್ಮೆ ಹೇಳು” ಎಂದ. ಅವನ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಹಿಡಿಕೆ ಎಳೆದಾಗ ಕುಂಟೆ ನಡುಗದೆ, ಬಿಕ್ಕದೆ, ಮೆಲ್ಲಗೆ ಮೇಲೆದ್ದಿತು.

ಶನಿವಾರ ಮಧ್ಯಾಹ್ನದಿಂದ ಹೊತ್ತು ಮುಳುಗುವವರೆಗೆ ಅವನು ಗದ್ದೆಯಿಂದ ಮೇಲೆ ಬರಲಿಲ್ಲ. ಮುಂದೆ ಟ್ರ್ಯಾಕ್ಟರು ಹೋದ ಹಾಗೆ ಹಿಂದೆ ಹೆಣ್ಣಾಳುಗಳು ನಾಟಿ ಹಚ್ಚುತ್ತ ಬಂದರು. ಬಂಧುಗಳೂ ಗದ್ದೆಗಿಳಿದರು. ಎರ್ರಿಸ್ವಾಮಿಯ ಎರಡನೆಯ ಧೋತರವೂ ಹಾಳಾಯಿತು. ನಾಲ್ಕನೆಯ ಎಕರೆಯ ಕೊನೆಯ ಸಾಲು ಭಾನುವಾರ ಬೆಳಿಗ್ಗೆ ಮುಗಿಯಿತು. ಪಾರಮ್ಮ ಬದುವಿನ ಮೇಲೆ ನಿಂತು ಪೂರ್ವಕ್ಕೆ ಮುಖ ಮಾಡಿ ಕೈಮುಗಿದಳು. ಸ್ವಲ್ಪ ಹೊತ್ತಿಗೆ ನೀರಗಂಟಿ ಬಂದು ತೂಬು ಇಳಿಸಿದ.

ಹಾಲಸಿದ್ದಪ್ಪ ಕೊನೆಯ ಗಳಿಗೆಯಲ್ಲಿ ಏನಾದರೂ ಅಂದನೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. ಅಂದಿದ್ದರೆ ಕೇಳಲು ನಾವಿಬ್ಬರೂ ಅಲ್ಲಿರಲಿಲ್ಲ. ಇದ್ದ ಜಾಗ ಬಿಟ್ಟು ಟೀ ಕುಡಿಯಲು ಹೋಗದವನು ಒಬ್ಬನೇ, ಆ ಪರಶಿವ. ಅವನು ಆ ಹಾಸಿಗೆಯ ಪಕ್ಕದಲ್ಲಿ ಇದ್ದನೆಂದು ನಂಬಿದ್ದೇನೆ. ತಂದೆಯೇ, ನನ್ನ ಹಾಲಸಿದ್ದಪ್ಪ ಆ ಹೊತ್ತಿನಲ್ಲಿ ಆಡಿದ ಮಾತು ನಿನ್ನ ಕಿವಿಗೆ ಬಿದ್ದಿದ್ದರೆ ಅದನ್ನು ನಡೆಸಿಕೊಡು. ಏನೂ ಆಡದೆ ಬಂದಿದ್ದರೆ ಅವನನ್ನು ಹತ್ತಿರ ಕೂರಿಸಿಕೊಂಡು ನೀನೇ ಕೇಳು. ನಮ್ಮ ತಪ್ಪನ್ನು ಅವನ ಲೆಕ್ಕಕ್ಕೆ ಹಿಡಿಯಬೇಡ. ಅವನು ಬಹಳ ದುಡಿದಿದ್ದಾನೆ, ನಿನ್ನ ಪಾದದ ನೆರಳಿನಲ್ಲಿ ಅವನಿಗೆ ಶಾಂತಿ ಕೊಡು.